ಬಲಗಾಲಿಗೆ ಮೆಣಸಿನ ಮುಲಾಮು

ಸೌತ್ ನೇಷನ್ ಹೊಳೆಯ ದಂಡೆ
ಮಂಗಳವಾರ, ಅಕ್ಟೋಬರ್ 14

ಓವಿಲಾನಿಗೆ,

ಅಲ್ಲವೋ, ಬೇಕಂತಲೇ ಮಾಡುವವನಾಗಿದ್ದರೆ ನನ್ನ ಕಾಲಿನ ಚರ್ಮವನ್ನು ನಾನೇ ಮೊದಲು ಸುಟ್ಟುಕೊಳ್ಳುತ್ತಿದ್ದೆನೇ? ಇದನ್ನು ನಿನ್ನೆಯೇ ಕೇಳಬೇಕಿತ್ತು. ಕೇಳುವಷ್ಟರಲ್ಲಿ ನನ್ನ ಕೈ ಫೋನನ್ನು ಕುಕ್ಕಿಬಿಟ್ಟಿತ್ತು. ಕುದುರೆಯ ಕಾಲಿಗೆ ಖಾರ ಹಚ್ಚಿ ಓಡಿಸುವ ಕಳ್ಳರನ್ನು ನಾನೂ ನೋಡಿದ್ದೇನೆ, ನೀನೂ ನೋಡಿದ್ದೀಯ. ಅವರಲ್ಲಿ ಒಬ್ಬನಾದರೂ ಮೊದಲು ತನ್ನ ಮೊಣಕಾಲಿಗೆ ಹಚ್ಚಿಕೊಂಡು, ಬೊಬ್ಬೆ ಎಬ್ಬಿಸಿಕೊಂಡು, ಆಮೇಲೆ ಲಾಯಕ್ಕೆ ಕುಂಟುತ್ತ ಬಂದದ್ದುಂಟೇ?

ಕಾಗದವನ್ನು ಕ್ಷಮೆಯಿಂದ ಶುರುಮಾಡಬೇಕೆಂದು ನಮ್ಮಮ್ಮ ಕಲಿಸಿದ್ದಳು. ಹಾಗಾಗಿ ಕೇಳುತ್ತೇನೆ: ಮೂರು ವಾರದಿಂದ ನಿನ್ನೊಡನೆ ಮಾತಾಡದೆ ಇದ್ದುದಕ್ಕೆ, ಇದನ್ನು ಆಗಲೇ ಬರೆಯದೆ ಇದ್ದುದಕ್ಕೆ ಕ್ಷಮಿಸು. ಫೋನು ಕುಕ್ಕಿದ್ದಕ್ಕೆ ಕೇಳುವುದಿಲ್ಲ. ರೊಲಾಂದಳನ್ನು ಕಟ್ಟಿಕೊಂಡಾಗಿನಿಂದ, ಅವಳ ತಮ್ಮ ಎಂಬ ಒಂದೇ ಕಾರಣಕ್ಕೆ ನಿನ್ನನ್ನು ನಲವತ್ತಾರು ವರ್ಷ ಸಹಿಸಿಕೊಂಡಿದ್ದೇನೆ. ಅವಳು ತೀರಿಹೋಗಿ ಹದಿನಾಲ್ಕು ತಿಂಗಳಾಯಿತು. ಸಹಿಸುವ ಕರಾರೂ ಅವಳ ಜೊತೆಗೇ ಮುಗಿಯಿತೆಂದು ಇಟ್ಟುಕೋ.

ನಿನ್ನೆ ಕೃತಜ್ಞತೆಯ ಹಬ್ಬ. ಊರಿಗೆಲ್ಲ ಟರ್ಕಿ ಕೋಳಿ, ನನಗೆ ಡಬ್ಬಿಯ ಬಟಾಣಿ ಸಾರು. ಅದು ಕುದಿ ಬರುವ ಹೊತ್ತಿಗೆ ನಿನ್ನ ಫೋನು. “ಅಲ್ಸಿದ್” ಎಂದು ನನ್ನ ಹೆಸರು ಹಿಡಿದು ಕರೆದೆ. ಭಾವ ಅನ್ನಲಿಲ್ಲ. “ಗುರುವಾರ ಪಂದ್ಯದ ಮಂಡಳಿ ವಿಚಾರಣೆ ಐತೆ. ತರಬೇತುದಾರ ನಾನು, ಲೈಸನ್ಸು ಹೋಗೋದು ನಂದು. ನಮ್ಮ ಕುದುರೆ ಕೋಕೆತ್ ಮೂತ್ರದಲ್ಲಿ ಮೆಣಸಿನ ಸತ್ವ ಸಿಕ್ಕಿರೋದು ನಿನ್ನ ಕೈಯಿಂದ. ಲಾಯದ ಕೆಲಸ ಉಳಿಸ್ಕೊಳ್ಳೋಕೆ ಅವಳನ್ನ ಗೆಲ್ಲಿಸ್ಬೇಕಿತ್ತು, ಬೇಕಂತ್ಲೇ ಹಚ್ಚಿದೆ. ಗಂಡಸಾಗಿದ್ರೆ ಬರೆದುಕೊಡು.”

ಸಾರು ಉಕ್ಕಿ ಒಲೆಯ ಮೇಲೆಲ್ಲ ಚೆಲ್ಲಿತು. ಅದನ್ನು ಇವತ್ತು ಬೆಳಿಗ್ಗೆ ಒರೆಸಿದೆ, ಆಮೇಲೆ ಬರೆಯಲು ಕೂತೆ. ಬೆಳಿಗ್ಗೆ ಎಂದರೆ ಲಾಯಕ್ಕೆ ಹೋಗುವುದು ನಿಂತ ಮೇಲಿನ ನನ್ನ ಬೆಳಿಗ್ಗೆ, ಹನ್ನೊಂದು ಗಂಟೆ. ನಿನಗೆ ಗೊತ್ತಿರುವುದು ಕೊನೆಯ ಭಾಗ ಮಾತ್ರ, ಅದೂ ಪ್ರಯೋಗಾಲಯದವರು ಕಳಿಸಿದ ಎರಡು ಸಾಲು. ಆದ್ದರಿಂದ ಮೊದಲಿನಿಂದ ಹೇಳುತ್ತೇನೆ. ಓದಲು ಬೇಸರವಾದರೆ ನಡುವೆ ಎದ್ದು ಹೋಗಿ ನಿನ್ನ ಬಿಯರ್ ತಂದುಕೋ.

ಆಗಸ್ಟಿನಲ್ಲಿ ವೈದ್ಯರು ನನ್ನ ಎರಡೂ ಮೊಣಕಾಲಿನ ಚಿತ್ರ ಬೆಳಕಿಗೆ ಹಿಡಿದು, ನಡುವಿನ ಮೆತ್ತೆ ಸವೆದಿದೆ, ಎಲುಬಿಗೆ ಎಲುಬು ತಾಗುತ್ತಿದೆ ಎಂದರು. ಕೀಲು ಬದಲಿಸುವ ಸರದಿ ಬರಲು ಇನ್ನೂ ಒಂದು ವರ್ಷವಾದರೂ ಬೇಕಂತೆ. ಹೊಟ್ಟೆಯಲ್ಲಿ ಹುಣ್ಣಾಗಿದ್ದವನು ನಾನು, ನೋವಿನ ಮಾತ್ರೆ ನುಂಗುವಂತಿಲ್ಲ. ಉಳಿದದ್ದು ಮೇಲಿನಿಂದ ಹಚ್ಚುವುದು. ಹಾಗೆಂದು ಔಷಧದಂಗಡಿಯ ಮಾದಾಂ ನದೋ ಹತ್ತಿರ ಹೋದೆ. ನೀನು ಅವಳನ್ನು “ಆ ಇಸ್ತ್ರಿ ಮಾಡಿದ ಹುಡುಗಿ” ಅನ್ನುತ್ತೀಯಲ್ಲ, ಅವಳೇ. ಕಪಾಟಿನ ತುಂಬ ಕೊಳವೆ, ಡಬ್ಬಿ, ಸೀಸೆ. ಯಾವುದು ಗೆಲ್ಲುತ್ತದೆ ಎಂದು ಕೇಳಿದೆ.

“ಇದು ಪಂದ್ಯ ಅಲ್ಲ, ಮೊಸ್ಯೂ.”

“ಎಲ್ಲಾ ಪಂದ್ಯಾನೇ. ಹೇಳಿ.”

“ಊತ ಇಳಿಸೋ ಈ ಜೆಲ್ ಮೊದ್ಲು ಹಚ್ಚಿ ನೋಡಿ. ದಿನಕ್ಕೆ ನಾಕು ಸಲ, ಈ ಅಳತೆ ಚೀಟಿ ಮೇಲಿಟ್ಟು ಇಷ್ಟುದ್ದ. ಒಂದೆರಡು ವಾರ ಬಿಡ್ದೆ ಹಚ್ಬೇಕು. ಮೆಣಸಿನಕಾಯಿ ಸತ್ವದ್ದೂ ಕೆಲವರಿಗೆ ಹಿಡಿಸುತ್ತೆ, ಆದ್ರೆ ಮೊದಮೊದ್ಲು ಉರಿಯುತ್ತೆ, ಗುಣ ಕಾಣಕ್ಕೂ ವಾರಗಟ್ಟಲೆ ಬೇಕು. ಪುದೀನ, ಕರ್ಪೂರದ್ದು ಹಚ್ಚಿದಾಗ ತಂಪು, ಅಷ್ಟೇ.”

“ಜೆಲ್ಲು ಹತ್ತು ಜನಕ್ಕೆ ಹಚ್ಚಿದ್ರೆ ಎಷ್ಟು ಜನ ಎದ್ದು ಓಡಾಡ್ತಾರೆ?”

“ಸುಮಾರು ಆರು ಜನ ನೋವು ಚೆನ್ನಾಗಿ ಕಡಿಮೆ ಆಯ್ತು ಅಂತಾರೆ.” ಆಮೇಲೆ ಸುಳ್ಳು ಹೇಳಲು ಬಾರದ ಆ ಹೆಣ್ಣು ಮೂಗಿನ ಮೇಲಿನ ಕನ್ನಡಕ ಸರಿಮಾಡಿಕೊಂಡು, “ಔಷಧಿ ಬೆರೆಸ್ದೆ ಬರೀ ಜೆಲ್ ಕೊಟ್ರೂ ಐದು ಜನ ಹಾಗೇ ಅಂತಾರೆ” ಎಂದಳು.

“ಅಂದ್ರೆ ನಿಮ್ಮ ಔಷಧಿ ಓಡೋದು ಹತ್ತರಲ್ಲಿ ಒಬ್ಬನಿಗಾ!”

“ಆ ಒಬ್ಬ ನೀವೇ ಇರಬಹುದಲ್ಲ, ಮೊಸ್ಯೂ?”

ಎರಡನ್ನೂ ಕೊಂಡೆ. ಎಡಗಾಲಿಗೆ ಜೆಲ್, ಬಲಗಾಲಿಗೆ ಮೆಣಸು. ಒಂದೇ ಲಾಯ, ಒಂದೇ ಮೇವು, ಇಬ್ಬರು ಓಟಗಾರರು; ನ್ಯಾಯವಾಗಿ ನೋಡೋಣ ಎಂದುಕೊಂಡೆ. ಅವಳಿಗೆ ಈ ಏರ್ಪಾಡು ಹಿಡಿಸಲಿಲ್ಲ. ಆದರೂ ಬಾಗಿಲವರೆಗೂ ಹಿಂದೆಯೇ ಬಂದು ಹೇಳಿದಳು: “ಮೆಣಸಿನದ್ದಕ್ಕೆ ಪಟ್ಟಿ ಸುತ್ತಬೇಡಿ. ಬಿಸಿ ತಾಗಿಸ್ಬೇಡಿ. ಹಚ್ಚಿದ ಮೇಲೆ ಸೋಪು ಹಾಕಿ ಕೈ ತೊಳೀರಿ, ತೊಳೀದೆ ಯಾರನ್ನೂ ಮುಟ್ಟಬೇಡಿ.” ನಾನು ತಲೆಯಾಡಿಸಿದೆ. ಎಪ್ಪತ್ತನಾಲ್ಕರ ಗಂಡಸು ಔಷಧದಂಗಡಿಯಲ್ಲಿ ತಲೆಯಾಡಿಸುವುದು ಕೇಳಿಸಿಕೊಂಡದ್ದಕ್ಕಲ್ಲ, ಬೇಗ ಹೊರಡುವುದಕ್ಕೆ.

ನೋವಿಗೆ ದಿನವೂ ಸೊನ್ನೆಯಿಂದ ಹತ್ತರವರೆಗೆ ಒಂದು ಅಂಕ ಹಾಕಿ ಬರೆದಿಡಿ ಎಂದಿದ್ದಳು. ನೋವಿಗೆ ಅಂಕ ಹಾಕಲು ನಾನೇನು ಮೇಷ್ಟ್ರೇ? ನನ್ನ ಅಳತೆ ಬೇರೆ ಇತ್ತು. ಬೆಳಿಗ್ಗೆ ಕೋಕೆತ್‌ಳ ಪಕ್ಕದಲ್ಲಿ ಕಂಬ ಹಿಡಿದು ಇಳಿಯುವುದು, ಎಲ್ಲಿ ಕೀಲು ಸಾಕೆಂದು ಕೂಗುತ್ತದೋ ಅಲ್ಲಿಗೆ ಕಂಬದ ಮೇಲೆ ಸೀಮೆಸುಣ್ಣದ ಗೆರೆ. ಮೊದಲ ವಾರ ಅವಳ ಮಂಡಿಯವರೆಗೆ ಮಾತ್ರ ಬಗ್ಗಿದೆ. ಮೂರನೆಯ ವಾರಕ್ಕೆ ಗೊರಸಿನ ಮೇಲಿನ ಗಿಣ್ಣಿನ ಹತ್ತಿರ ಬಂದಿದ್ದೆ. ಅಷ್ಟೂ ಎಡಗಾಲಿನ ಪುಣ್ಯ. ಜೆಲ್ಲಿಗೆ ವಾಸನೆಯಿಲ್ಲ, ಉರಿಯಿಲ್ಲ, ಆಡಂಬರವಿಲ್ಲ. ಎಂಟನೆಯ ದಿನದ ಹೊತ್ತಿಗೆ ನಾನು ಮೆಟ್ಟಿಲು ಇಳಿಯುವಾಗ ಬಯ್ಯುವುದನ್ನು ಮರೆತಿದ್ದೆ, ಅಷ್ಟೆ. ಮೆಣಸಿನದ್ದು ಹಚ್ಚಿದಾಗೆಲ್ಲ ಬಲಗಾಲು ಇರುವೆಗೂಡಿಗೆ ಇಟ್ಟ ಹಾಗೆ. ಗುಣ ನಾಳೆ ಬರುತ್ತದೆ, ನಾಡಿದ್ದು ಬರುತ್ತದೆ ಎಂದು ಕಾದೆ. ಬರಲಿಲ್ಲ.

ಇನ್ನು ನಿನ್ನ ಹಸಿರು ತೈಲ. ಅದನ್ನೂ ಬಿಟ್ಟಿಲ್ಲ. ಲಾಯದ ಕಿಟಕಿಯಲ್ಲಿ ನನ್ನ ಕೊಳವೆಗಳನ್ನು ನೋಡಿ ನೀನು ಏನಂದೆ? “ಭಾವ, ಮದುವಣಗಿತ್ತಿ ಸಿಂಗಾರದ ಪೆಟ್ಟಿಗೆ ಇಟ್ಟಂಗೈತಲ್ಲ! ಕುದುರೆ ಜೊತೆ ಇರೋನು ಕುದುರೆ ತೈಲ ಹಚ್ಕೋಬೇಕು. ತಗೋ.” ಒಂದು ಭಾನುವಾರ ಎರಡೂ ಕಾಲಿಗೆ ಅದನ್ನೇ ಹಚ್ಚಿಕೊಂಡು ಪೂಜೆಗೆ ಹೋದೆ. ಹತ್ತು ನಿಮಿಷ ಕಾಲು ಹೊಳೆಯ ನೀರಿನಲ್ಲಿ ಇಟ್ಟಷ್ಟು ತಂಪು, ಕುಣಿಯಬಹುದಿತ್ತು. ಮುಂದಿನ ಸಾಲಿನವರೆಲ್ಲ ಚರ್ಚಿನೊಳಗೆ ಕುದುರೆ ಬಂತೇ ಎಂದು ಹಿಂದೆ ತಿರುಗಿದರು. ಪಾದ್ರಿಗಳು ಆಶೀರ್ವಾದ ಮಾಡುವಷ್ಟರಲ್ಲಿ ನೋವು ಮರಳಿ ತನ್ನ ಜಾಗದಲ್ಲಿ ಕೂತಿತ್ತು. ನಿನ್ನ ಹಾಗೆಯೇ ಅದು ಕೂಡ: ಗದ್ದಲ ಬಹಳ, ಹತ್ತು ನಿಮಿಷದ ಮೇಲೆ ಏನೂ ಇಲ್ಲ.

ಆಮೇಲೆ ಬಕೆಟ್ಟಿನ ದಿನ. ನಾನು ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕೂತು ಕೋಕೆತ್‌ಳ ಮುಂಗಾಲಿಗೆ ಪಟ್ಟಿ ಕಟ್ಟುತ್ತಿದ್ದೆ. ಬಾಗಿಲಲ್ಲಿ ನೀನು.

“ಕುದುರೆ ಕಾಲ ಬುಡದಲ್ಲಿ ಕೂತಿದೀಯಾ?”

“ಐದು ನಿಮಿಷದ ಕೆಲಸ. ಹೋಗು.”

“ಒಂದು ಒದೆ ಸಾಕು, ಹಲ್ಲು ಹೊಟ್ಟೆಗೆ ಹೋಗುತ್ತೆ.”

ಕುದುರೆಯ ಕಾಲ ಬಳಿ ಕೂರಬಾರದು, ಮಂಡಿಯೂರಬಾರದು, ಕುಕ್ಕರುಗಾಲಿನಲ್ಲೇ ಇರಬೇಕು, ಒದ್ದರೆ ಹಿಂದಕ್ಕೆ ಹಾರಲು. ಆ ಪಾಠ ನಿನಗೆ ಹೇಳಿಕೊಟ್ಟವನು ನಾನು. ನಿನಗಾಗ ಹದಿನೇಳು, ಮೂಗು ಒರೆಸಲೂ ಬರುತ್ತಿರಲಿಲ್ಲ. ಅದನ್ನೇ ನನಗೆ ತಿರುಗಿ ಒಪ್ಪಿಸಿದೆ. ಒಪ್ಪಿಸಿ, ತೀರ್ಪೂ ಕೊಟ್ಟೆ: “ಶನಿವಾರ ಪಂದ್ಯದ ದಿನ ಕುಕ್ಕರುಗಾಲಲ್ಲಿ ಕೂತು ನಾಕೂ ಕಾಲಿಗೆ ನೀನೇ ಪಟ್ಟಿ ಕಟ್ಟಿದ್ರೆ ಸರಿ. ಇಲ್ಲಾಂದ್ರೆ ಸೋಮವಾರದಿಂದ ಬೇರೆ ಆಳು ನೋಡ್ತೀನಿ.” ಹೋಗುತ್ತ ಹೋಗುತ್ತ ತಿರುಗಿ ನಕ್ಕೆ. “ಆ ಬಲಗಾಲು ಹಂಗೇ ಬಿಟ್ರೆ ಬಗ್ಗಲ್ಲ ಭಾವ. ಕುದುರೆಗೆ ಸುತ್ತೋ ಹಂಗೆ ಸುತ್ತು. ಬೆವರ್ಲಿ.”

ಈ ಮಾತು ನೆನಪಿದೆಯೇ? ನನಗಂತೂ ಇದೆ.

ಊದಿದ ಕುದುರೆ ಕಾಲಿಗೆ ನಾವು ಮಾಡುವುದೇ ಅದು: ಮುಲಾಮು ದಪ್ಪವಾಗಿ, ಅದರ ಮೇಲೆ ಅಡುಗೆಮನೆಯ ತೆಳು ಪ್ಲಾಸ್ಟಿಕ್ಕು, ಅದರ ಮೇಲೆ ಹತ್ತಿ, ಎಲ್ಲದರ ಮೇಲೆ ಫ್ಲಾನೆಲ್ ಪಟ್ಟಿ. ಕಾಲು ಒಳಗೇ ಬೆವರಿ ಊತ ಇಳಿಯುತ್ತದೆ. ಐವತ್ತು ವರ್ಷದಲ್ಲಿ ಎಷ್ಟು ಸಾವಿರ ಕಾಲು ಹಾಗೆ ಸುತ್ತಿದ್ದೇನೋ. ಪಂದ್ಯದ ದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ಕೂತು ಮೆಣಸಿನ ಮುಲಾಮನ್ನು ಬೆಣ್ಣೆಯ ಹಾಗೆ ಬಲಗಾಲಿಗೆ ಮೆತ್ತಿ, ಪ್ಲಾಸ್ಟಿಕ್ಕು ಸುತ್ತಿ, ಹತ್ತಿ ಇಟ್ಟು, ಪಟ್ಟಿ ಬಿಗಿದೆ. ಮಾದಾಂ ನದೋ ಹೇಳಿದ್ದು ನೆನಪಾಗಲಿಲ್ಲವೆಂದರೆ ಸುಳ್ಳು. ಅವಳು ಮನುಷ್ಯರ ಔಷಧದವಳು, ಕಾಲಿನ ವಿಷಯ ಅವಳಿಗೇನು ಗೊತ್ತು ಎಂದುಕೊಂಡೆ.

ಮೈದಾನದ ಲಾಯ ಸೇರುವ ಹೊತ್ತಿಗೆ ಬಲಗಾಲಿನಲ್ಲಿ ಕುಲುಮೆ ಹೊತ್ತಿತ್ತು. ಕೋಕೆತ್‌ಳ ಗೂಡಿನ ಮೂಲೆಯಲ್ಲಿ ಪ್ಯಾಂಟು ಮೇಲೆತ್ತಿ, ಪಟ್ಟಿಯನ್ನೆಲ್ಲ ಕಿತ್ತೆಸೆದು, ಮುಲಾಮನ್ನು ಎರಡೂ ಕೈಯಿಂದ ಬಳಿದು ಹುಲ್ಲಿಗೆ ಒರೆಸಿದೆ. ಚರ್ಮ ಕೆಂಪಗೆ ಉಬ್ಬಿತ್ತು. ನಲ್ಲಿ ಲಾಯದ ಆ ಕೊನೆಯಲ್ಲಿ. ಅಲ್ಲಿಗೆ ಹೋಗಬೇಕೆಂದೇ ತಿರುಗಿದೆ. ಬಾಗಿಲಲ್ಲಿ ನೀನು ನಿಂತಿದ್ದೆ, ಗಡಿಯಾರ ನೋಡಿಕೊಳ್ಳುತ್ತ.

“ಏನು ಭಾವ, ಕೂರ್ತೀಯೋ, ಬಕೆಟ್ ತರಿಸ್ಲೋ?”

ಕೂತೆ. ಸಿಟ್ಟಿನಲ್ಲಿ ಕೂತೆ ಓವಿಲಾ, ಒಂದೇ ಸಲಕ್ಕೆ, ಕುಕ್ಕರುಗಾಲಿನಲ್ಲಿ, ಒಂದೂವರೆ ವರ್ಷದಲ್ಲಿ ಮೊದಲ ಬಾರಿಗೆ. ಎಡಗಾಲು ಹೊತ್ತುಕೊಂಡಿತು, ಬಲಗಾಲು ಆ ಉರಿಯಲ್ಲಿ ನೋವನ್ನೇ ಮರೆತಿತ್ತು. ನೀನು ನೋಡುತ್ತಿದ್ದೀಯೆಂದು ಕೋಕೆತ್‌ಳ ನಾಲ್ಕೂ ಕಾಲನ್ನು ಬರಿಗೈಯಲ್ಲಿ ತಿಕ್ಕಿದೆ, ಮೇಲಿನಿಂದ ಕೆಳಕ್ಕೆ, ನಿನ್ನಪ್ಪ ನನಗೆ ಕಲಿಸಿದ ಹಾಗೆ. ಪಟ್ಟಿ ಕಟ್ಟಿದೆ. ಅವಳು ಕಾಲು ಕುಟ್ಟಿದಳು, ಕತ್ತು ಒಗೆದಳು. “ಇವತ್ತು ಇವ್ಳಿಗೆ ಹುರುಪು ಬಂದೈತೆ” ಎಂದವನು ನೀನು. ನನಗೂ ಹಾಗೆಯೇ ಅನ್ನಿಸಿತು. ನಾನು ಕೂತದ್ದನ್ನು ನೋಡಿ ಅವಳಿಗೂ ಖುಷಿಯಾಗಿರಬೇಕೆಂದುಕೊಂಡೆ. ಮುದಿ ಕತ್ತೆ ನಾನು.

ಗೆದ್ದಳು. ಎರಡು ವರ್ಷದ ಮೇಲೆ ಗೆದ್ದಳು. ನೀನು ಅವಳಿಗೆ ಕಟ್ಟಿ ಓಡಿಸಿದ ಎರಡು ಚಕ್ರದ ಗಾಡಿಯಿಂದ ಇಳಿದು ನನ್ನ ಹೆಗಲಿಗೆ ಹೊಡೆದೆ. ನಾವಿಬ್ಬರೂ ಫೋಟೋದಲ್ಲಿ ನಕ್ಕಿದ್ದೇವೆ. ಗೆದ್ದ ಕುದುರೆಯ ಮೂತ್ರ ಪರೀಕ್ಷೆಗೆ ಹೋಗುತ್ತದೆಂದು ಇಬ್ಬರಿಗೂ ಗೊತ್ತು. ಯಾಕೆ ಹೆದರಬೇಕು, ನಾವು ಕಳ್ಳರಲ್ಲವಲ್ಲ. ಸಂಜೆ ಸ್ನಾನದ ತೊಟ್ಟಿಯಲ್ಲಿ ಕೈಬೆರಳು ಉರಿದಾಗಲೂ ನನಗೆ ಹೊಳೆಯಲಿಲ್ಲ. ಹೊಳೆದದ್ದು ನಿನ್ನ ಬಾಗಿಲಿಗೆ ಪ್ರಯೋಗಾಲಯದ ಆ ಕಾಗದ ಬಂದ ದಿನ. ಉರಿಯುವ ಕಾಲಿನ ಮೇಲೆ ಓಡಿದಳು ಅವಳು, ಪಾಪ. ನಾನು ಹುರುಪು ಅಂದುಕೊಂಡದ್ದು ಅದು.

ಅದಾದ ಮೇಲೂ ನಿನ್ನ ಮನೆಗೆ ಬರಲಿಲ್ಲ. ಒಪ್ಪಿದರೆ ಲೈಸನ್ಸು ನನ್ನದೂ ಹೋಗುತ್ತದೆ. ಕುದುರೆಯಾಳಿನ ಲೈಸನ್ಸಿಲ್ಲದವನು ಮೈದಾನದ ಗೇಟು ದಾಟುವಂತಿಲ್ಲ; ನಿನ್ನ ಲಾಯಕ್ಕೂ ನನ್ನನ್ನು ಯಾಕೆ ಬಿಟ್ಟುಕೊಳ್ಳುತ್ತೀಯ? ಬೆಳಿಗ್ಗೆ ಐದಕ್ಕೆ ಎದ್ದು ಹೋಗಲು ನನಗೆ ಇನ್ನೊಂದು ಜಾಗವಿಲ್ಲ. ನೀನೇ ಬಂದು, “ಭಾವ, ಹೇಗಾಯ್ತು ಇದು?” ಎಂದು ಕೇಳುತ್ತೀಯೆಂದು ಕಾದೆ. ಕೇಳಿದ್ದರೆ ಆ ಕ್ಷಣವೇ ಹೇಳುತ್ತಿದ್ದೆ. ನೀನು ಕೇಳಲಿಲ್ಲ, ತೀರ್ಮಾನಿಸಿದೆ. ಐವತ್ತು ವರ್ಷ ಕುದುರೆ ಕಾಲು ಹಿಡಿದವನನ್ನು ಕುದುರೆ ಸುಡುವವನೆಂದೆ.

ಇರಲಿ. ಇವತ್ತು ವಿಚಾರಣೆಯವರಿಗೆ ಬರೆದೆ. ಅವರಲ್ಲಿ ಇಬ್ಬರಿಗೆ ನಮ್ಮ ಫ್ರೆಂಚ್ ಭಾಷೆ ಬಾರದೆಂದು ಇಂಗ್ಲಿಷಿನಲ್ಲೇ ಬರೆದೆ. ಕೃಷಿ ಕಾಲೇಜಿನಲ್ಲಿ ಒಂದೂವರೆ ವರ್ಷ ಕಲಿತ ಇಂಗ್ಲಿಷ್, ಅದರಲ್ಲಿ ಅರ್ಧ ಹಸುವಿನ ಕಾಯಿಲೆಗಳ ಹೆಸರು. “ಐ ಬೆಗ್ ಟು ಸ್ಟೇಟ್” ಎಂದು ಶುರುಮಾಡಬೇಕೆಂದು ಮೇಷ್ಟ್ರು ಹೇಳಿದ್ದು ನೆನಪಾಯಿತು. ಬೆಗ್ ಅಂದರೆ ಬೇಡುವುದಲ್ಲವೇ ಎಂದು ಅದನ್ನು ಹೊಡೆದುಹಾಕಿದೆ. ಮೂರು ಹಾಳೆ ಹರಿದೆ. ನಾಲ್ಕನೆಯದರಲ್ಲಿ ನೇರವಾಗಿ ಇಟ್ಟಿದ್ದೇನೆ: ಮುಲಾಮು ನನ್ನದು, ಮೊಣಕಾಲು ನನ್ನದು, ಕೈ ನನ್ನದು, ತೊಳೆಯದೆ ಕುದುರೆಯನ್ನು ಮುಟ್ಟಿದೆ, ತರಬೇತುದಾರನಿಗೆ ಗೊತ್ತಿರಲಿಲ್ಲ. ಮುಲಾಮಿನ ಕೊಳವೆ, ಬೊಬ್ಬೆಯ ಕಲೆ ನೋಡಿದ ಮಾದಾಂ ನದೋ ಬರೆದುಕೊಟ್ಟ ಚೀಟಿ, ನನ್ನ ಲೈಸನ್ಸಿನ ಕಾರ್ಡು, ಮೂರನ್ನೂ ಅದೇ ಲಕೋಟೆಗೆ ಹಾಕಿದ್ದೇನೆ. ಕಾರ್ಡನ್ನು ಅವರು ಕೇಳುವ ಮೊದಲೇ ಕೊಡುತ್ತಿದ್ದೇನೆ. ಅದನ್ನು ಕಸಿಯುವ ಸಂತೋಷ ಯಾರಿಗೂ ಬೇಡ, ನಿನಗಂತೂ ಬೇಡ.

ಸುತ್ತು, ಬೆವರಲಿ ಎಂದು ನೀನು ಹೇಳಿದ್ದನ್ನು ಬರೆದಿಲ್ಲ. ದೊಡ್ಡತನವೆಂದು ತಿಳಿಯಬೇಡ. ಆ ಮಾತಿಗೆ ಇಂಗ್ಲಿಷ್ ಸಾಲಲಿಲ್ಲ.

ಹೊಸ ಆಳಿಗೆ ಹೇಳು: ಕೋಕೆತ್‌ಳ ಎಡ ಹಿಂಗಾಲಿನ ಪಟ್ಟಿ ಅರ್ಧ ಸುತ್ತು ಸಡಿಲ ಇರಬೇಕು. ಪಟ್ಟಿ ಕಟ್ಟುವ ಮೊದಲು ಅವಳ ಹೆಸರು ಕೂಗಬೇಕು, ಬೆನ್ನ ಹಿಂದಿನಿಂದ ಹೋಗಬಾರದು. ಸೇಬಿಗಿಂತ ಗಜ್ಜರಿ ಇಷ್ಟ, ಆದರೆ ಸೇಬು ಕಂಡರೆ ಹಾಗೆ ತೋರಿಸಿಕೊಳ್ಳುವುದಿಲ್ಲ. ಪಂದ್ಯದ ಫಲಿತಾಂಶ ಬೇಕಿದ್ದರೆ, ಇಸ್ತ್ರಿ ಮಾಡಿದ ಹುಡುಗಿ ಗೆದ್ದಳು. ಎಡಗಾಲು ಈಗಲೂ ಅವಳ ಮಾತು ಕೇಳುತ್ತದೆ. ಬಲಗಾಲಿನ ಚರ್ಮ ಮಾಗಿದ ಮೇಲೆ ಅದಕ್ಕೂ ಅದನ್ನೇ ಹಚ್ಚುತ್ತೇನೆ. ನೀನು ಪಂದ್ಯದ ದಿನ ಗಾಡಿಯಿಂದ ಇಳಿಯುವಾಗ ಚಕ್ರ ಹಿಡಿದುಕೊಂಡದ್ದನ್ನು ನಾನು ನೋಡಿದೆ. ನಿನಗೂ ಬರುತ್ತಿದೆ. ಹೋಗಿ ಅವಳನ್ನು ಕೇಳು. ಆ ಹಸಿರು ತೈಲದ ಡಬ್ಬಿಯನ್ನು ಬೇಕಾದರೆ ಗೇಟಿನ ಕೀಲಿಗೆ

ಸಾಲು ಕಾಣಿಸುತ್ತಿಲ್ಲ. ತಲೆಯೆತ್ತಿ ನೋಡಿದರೆ ಹೊಳೆಯ ಆಚೆ ಜೋಳದ ಹೊಲ ಆಗಲೇ ಬೂದಿ ಬಣ್ಣಕ್ಕೆ ತಿರುಗಿದೆ. ಅಕ್ಟೋಬರಿನಲ್ಲಿ ಬೆಳಕು ಹೇಳದೆ ಹೋಗುತ್ತದೆ. ನಿಲ್ಲಿಸುತ್ತೇನೆ. ವಿಚಾರಣೆಯವರ ಲಕೋಟೆ ನಾಳೆ ಖುದ್ದಾಗಿ ಅವರ ಕಚೇರಿಗೆ ಕೊಟ್ಟು ಬರುತ್ತೇನೆ. ನಿನ್ನದನ್ನು, ನೀನು ಲಾಯದಲ್ಲಿರುವ ಹೊತ್ತು ನೋಡಿ, ನಿನ್ನ ಗೇಟಿನ ಡಬ್ಬಿಗೆ ಹಾಕುತ್ತೇನೆ.

ದೇವರು ನಿನ್ನ ಲೈಸನ್ಸು ಉಳಿಸಲಿ. ನಿನ್ನ ಮೊಣಕಾಲುಗಳು ನನ್ನ ವಯಸ್ಸಿನವರೆಗೂ ಮಡಚಲಿ. ನಿನ್ನ ನಾಲಿಗೆ ಅದಕ್ಕೂ ಮೊದಲು ಸವೆಯಲಿ.

ನಿನ್ನ ಭಾವ,
ಅಲ್ಸಿದ್

ಮರೆತದ್ದು: ಕಾಗದ ಮಡಚಿದವನು ಮತ್ತೆ ಬಿಚ್ಚಿದ್ದೇನೆ, ಕಿಟಕಿಗೆ ಒತ್ತಿ ಹಿಡಿದು ಬರೆಯುತ್ತಿದ್ದೇನೆ. ವಿಚಾರಣೆಯವರ ನಮೂನೆಯಲ್ಲಿ ಒಂದು ಪ್ರಶ್ನೆ ಇತ್ತು, ಈ ಔಷಧಗಳನ್ನು ಯಾವ ಕಾರಣಕ್ಕೆ ಬಳಸುತ್ತಿದ್ದಿರಿ ಎಂದು. ಕೀಲು ಸವೆತ ಎಂದು ತುಂಬಿದೆ. ಮಾದಾಂ ನದೋಗೂ ಅದನ್ನೇ ಹೇಳಿದ್ದು. ಈ ಕಾಲು ಬಗ್ಗಲೇಬೇಕೆಂದು ನಾನು ಹಟ ಹಿಡಿದದ್ದು ಲಾಯದ ಕೆಲಸಕ್ಕೆಂದು ನಿನಗೆ ಅನ್ನಿಸಿದೆ, ನಾನೂ ಹಾಗೆಯೇ ಅನ್ನಿಸಲು ಬಿಟ್ಟೆ. ರೊಲಾಂದ್ ಇದೇ ಅಡುಗೆಮನೆಯ ನೆಲದಲ್ಲಿ ಬಿದ್ದ ದಿನ ನೀನು ಓಡಿಬಂದಾಗ ನಾನು ಕುರ್ಚಿಯ ಬೆನ್ನು ಹಿಡಿದು ನಿಂತಿದ್ದೆ. ನೀನು ನನ್ನನ್ನು ನೋಡಿದೆ, ಏನೂ ಕೇಳಲಿಲ್ಲ, ಅವಳ ಪಕ್ಕದಲ್ಲಿ ಕುಸಿದು ತಲೆಯನ್ನು ತೊಡೆಯ ಮೇಲಿಟ್ಟುಕೊಂಡೆ. ಅವಳು ಆಗಲೇ ಹೋಗಿದ್ದಳು. ಅದಕ್ಕೂ ಮೊದಲು ಇಪ್ಪತ್ತು ನಿಮಿಷ ಅವಳಿಗೆ ಎಚ್ಚರವಿತ್ತು. “ಕೆಳಗೆ ಬನ್ನಿ ಅಂದ್ರೆ, ನಂಗೆ ಹೆದ್ರಿಕೆ ಆಗುತ್ತೆ” ಎಂದಳು, ಎರಡು ಸಲ. ಬಗ್ಗಲು ನೋಡಿದೆ, ಕಾಲು ಬಗ್ಗಲಿಲ್ಲ. ಬರ್ತೀನಿ, ಬರ್ತೀನಿ ಎನ್ನುತ್ತ ನಿಂತೇ ಇದ್ದೆ. ಓವಿಲಾ, ಬಗ್ಗಲಾಗದಿದ್ದರೆ ನಾನು ಬಿದ್ದುಬಿಡಬಹುದಿತ್ತು, ಅವಳ ಪಕ್ಕದಲ್ಲೇ. ಅದು ನನಗೆ ಹೊಳೆದದ್ದು ಅವಳನ್ನು ಮಣ್ಣು ಮಾಡಿ ಮನೆಗೆ ಬಂದ ಮೇಲೆ.